ಬಿಡುವ ದಿನಾಂಕ ಕೊಡುವ ನೆಮ್ಮದಿ: ಧೂಮಪಾನ ತೊರೆದ ಒಬ್ಬರ ಪ್ರಕರಣ ಅಧ್ಯಯನ

ಸಿಗರೇಟು ದೇಹಕ್ಕೆ ಏನು ಮಾಡುತ್ತದೆ ಎಂಬುದನ್ನು ಈ ಪ್ರಕರಣದ ವ್ಯಕ್ತಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಯಸ್ಸು 46. ಆಸ್ಪತ್ರೆಯೊಂದರ ಶ್ವಾಸಕೋಶ ಪರೀಕ್ಷಾ ವಿಭಾಗದಲ್ಲಿ ತಂತ್ರಜ್ಞರು. ಬೆಳಗಿನಿಂದ ಸಂಜೆಯವರೆಗೆ ಜನರ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು, “ಉಸಿರು ಪೂರ್ತಿ ಎಳೆದುಕೊಳ್ಳಿ, ಈಗ ಊದಿ, ಊದಿ, ಇನ್ನೂ ಊದಿ” ಎಂದು ಹುರಿದುಂಬಿಸುವುದು ಅವರ ಕೆಲಸ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಿತ್ತು ಎಂದು ಪರದೆಯ ಮೇಲೆ ನೋಡಿದರೆ ಸಾಕು, ಎದುರಿಗಿರುವವರು ಎಷ್ಟು ವರ್ಷದಿಂದ ಸೇದುತ್ತಿರಬಹುದು ಎಂದು ಅಂದಾಜು ಮಾಡುತ್ತಿದ್ದರು. ಅಂಥವರು ಸ್ವತಃ 19ನೆಯ ವಯಸ್ಸಿನಿಂದ ಸೇದುತ್ತ ಬಂದಿದ್ದರು. ದಿನಕ್ಕೆ ಹದಿನೆಂಟು ಸಿಗರೇಟು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಅವರ ವಿಭಾಗದ ಒಂದು ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಲು ಮೂರು ಲೀಟರಿನ ದೊಡ್ಡ ಸಿರಿಂಜೊಂದರಿಂದ ಅದಕ್ಕೆ ಗಾಳಿ ತಳ್ಳುತ್ತಾರೆ. ಅದು ಸಾಲದು ಎಂದು, ಸಿಬ್ಬಂದಿಯಲ್ಲೇ ಆರೋಗ್ಯವಂತರಾದ, ಧೂಮಪಾನ ಮಾಡದ ಒಬ್ಬರು ಆಗಾಗ ತಾವೇ ಊದಿ ಅಂಕಿಗಳನ್ನು ದಾಖಲಿಸುತ್ತಾರೆ. ಆ ವ್ಯಕ್ತಿಯ ಅಂಕಿ ಹೆಚ್ಚೂಕಡಿಮೆ ಒಂದೇ ತೆರನಾಗಿರಬೇಕು. ಏರುಪೇರಾದರೆ ದೋಷ ಯಂತ್ರದ್ದು ಎಂದು ಲೆಕ್ಕ. ವಿಭಾಗಕ್ಕೇ ಹಿರಿಯರಾದ ಇವರು ಆ ದಾಖಲೆ ಪುಸ್ತಕದಲ್ಲಿ ಎಂದೂ ತಮ್ಮ ಅಂಕಿ ಬರೆದವರಲ್ಲ. ಕಿರಿಯರಿಂದ ಊದಿಸಿ ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ತಮ್ಮ ಶ್ವಾಸಕೋಶದ ಅಂಕಿ ಎಷ್ಟೆಂದು ಅವರಿಗೇ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ಮಾಹಿತಿ ಸಾಕಷ್ಟು ಸಿಕ್ಕರೆ ಮನುಷ್ಯ ಬಿಟ್ಟುಬಿಡುತ್ತಾನೆ ಎಂದು ನಂಬುವವರು ಈ ಒಂದು ವಿವರವನ್ನು ಗಮನಿಸಬೇಕು. 1957ರಲ್ಲಿ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಅರಿವಿನ ಅಸಾಂಗತ್ಯದ ಸಿದ್ಧಾಂತವನ್ನು ಮಂಡಿಸುವಾಗ ಆರಿಸಿಕೊಂಡ ಉದಾಹರಣೆಗಳಲ್ಲಿ ಧೂಮಪಾನಿಯದ್ದೂ ಒಂದು. ಹಾನಿಕರ ಎಂಬ ಅರಿವು ಒಂದು ಕಡೆ, ಸೇದುವ ಕೈ ಇನ್ನೊಂದು ಕಡೆ. ಈ ಎರಡರ ಜಗಳ ಸಹಿಸಲಾಗದು. ಜಗಳ ತೀರಿಸಲು ಸಿಗರೇಟು ಬಿಡಬಹುದು; ಅದಕ್ಕಿಂತ ಸುಲಭವಾಗಿ, ಅರಿವು ತನ್ನ ಹತ್ತಿರ ಸುಳಿಯದಂತೆ ನೋಡಿಕೊಳ್ಳಬಹುದು. ಇವರು ಆರಿಸಿದ್ದು ಎರಡನೆಯ ದಾರಿ. ಅದರ ಜೊತೆಗೆ ಇನ್ನೊಂದು ಉಪಾಯವನ್ನೂ ಕಂಡುಕೊಂಡಿದ್ದರು. ಈ ಬರಹ ಮುಖ್ಯವಾಗಿ ಆ ಉಪಾಯದ ಕುರಿತಾದದ್ದು.

ದಿನಾಂಕಗಳ ಸಾಲು

ಸಮಾಲೋಚನೆಗೆಂದು ನನ್ನ ಬಳಿ ಬಂದ ಮೊದಲ ಭೇಟಿಯಲ್ಲಿ ಹಿಂದಿನ ಪ್ರಯತ್ನಗಳ ಬಗ್ಗೆ ಕೇಳಿದಾಗ ಅವರು ಮೊಬೈಲ್ ತೆಗೆದು ಕ್ಯಾಲೆಂಡರ್ ತೋರಿಸಿದರು. ವರ್ಷದ ಮೊದಲ ದಿನ, ಹುಟ್ಟುಹಬ್ಬ, ಮಗಳ ಪರೀಕ್ಷೆ ಮುಗಿಯುವ ದಿನ, ಹಲವಾರು ಸೋಮವಾರಗಳು. ಎಲ್ಲದರ ಮುಂದೆಯೂ ಒಂದೇ ಪದ: “ಕೊನೆ”. ಸ್ವಲ್ಪ ಹೆಮ್ಮೆಯಿಂದಲೇ ತೋರಿಸಿದರು. ತಾನು ಹಗುರವಾಗಿ ತೆಗೆದುಕೊಂಡವನಲ್ಲ ಎಂಬುದಕ್ಕೆ ಅದು ಅವರ ಪುರಾವೆ.

ದಿನಾಂಕ ಗೊತ್ತುಪಡಿಸಿದ ದಿನ ಹೇಗಿರುತ್ತಿತ್ತು ಎಂದು ಕೇಳಿದೆ. “ತುಂಬಾ ಹಗುರ ಅನ್ನಿಸುತ್ತಿತ್ತು. ಅವತ್ತು ರಾತ್ರಿ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು,” ಎಂದರು.

“ಅಲ್ಲಿಂದ ಆ ದಿನಾಂಕದವರೆಗೆ?”

“ಹೇಗೂ ಬಿಡುತ್ತೇನಲ್ಲ ಎಂದು ನಿಶ್ಚಿಂತೆಯಿಂದ ಸೇದುತ್ತಿದ್ದೆ. ಕೊನೆಯ ವಾರದಲ್ಲಿ ಜಾಸ್ತಿಯೇ.”

ಹೇಳಿದ ಮೇಲೆ ಅವರೇ ಒಂದು ಕ್ಷಣ ಸುಮ್ಮನಾದರು. ಬಿಡುವ ನಿರ್ಧಾರ ಅವರ ಪಾಲಿಗೆ ಸಿಗರೇಟಿನ ವೈರಿಯಾಗಿರಲಿಲ್ಲ, ಅದರ ಜೊತೆಗಾರನಾಗಿತ್ತು. ಮುಂದಿನ ತಿಂಗಳು ಬಿಡುತ್ತೇನೆ ಎಂಬ ಸಂಕಲ್ಪ ಈ ತಿಂಗಳ ಅಪರಾಧಿ ಭಾವವನ್ನು ತೊಳೆದುಹಾಕುತ್ತಿತ್ತು. ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಪ್ರತಿ ಹೊಸ ದಿನಾಂಕವೂ ಅಂಥ ಒಂದು ತಪ್ಪಿಸಿಕೊಳ್ಳುವಿಕೆ. ಬಿಡುವ ಕಷ್ಟವನ್ನು ಅನುಭವಿಸದೆಯೇ ಬಿಟ್ಟವನ ಗೌರವ ಮುಂಗಡವಾಗಿ ಸಿಗುತ್ತಿತ್ತು.

ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್, ಸ್ವತಃ ಸಿಗರೇಟಿನೊಂದಿಗೆ ಗುದ್ದಾಡಿದವರು, ಒಬ್ಬನೇ ಮನುಷ್ಯನೊಳಗೆ ಸರದಿಯ ಮೇಲೆ ಅಧಿಕಾರಕ್ಕೆ ಬರುವ ಇಬ್ಬರಿರುತ್ತಾರೆ ಎಂಬ ದೃಷ್ಟಿಯಿಂದ ಆತ್ಮನಿಗ್ರಹವನ್ನು ಚರ್ಚಿಸಿದ್ದಾರೆ. ನಮ್ಮ ತಂತ್ರಜ್ಞರೊಳಗಿನ ಇಬ್ಬರು ಮಾತ್ರ ರಾಜಿ ಮಾಡಿಕೊಂಡಿದ್ದರು: ನಾಳೆ ನಿನ್ನದು, ಇಂದು ನನ್ನದು. ನಾಳೆ ಎಂಬುದು ಬರುವಾಗಲೆಲ್ಲ ಇಂದಾಗಿಯೇ ಬರುತ್ತದೆಯಾದ್ದರಿಂದ ಗೆಲ್ಲುವವನು ಯಾವಾಗಲೂ ಒಬ್ಬನೇ.

ದಿನಾಂಕ ಗೊತ್ತುಪಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. 2016ರಲ್ಲಿ ಬ್ರಿಟನ್ನಿನಲ್ಲಿ 697 ಮಂದಿಯ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. ಅದರಲ್ಲಿ ಎಲ್ಲರಿಗೂ ಬಿಡುವ ದಿನಾಂಕವಿತ್ತು. ಅರ್ಧದಷ್ಟು ಜನ ಅದಕ್ಕೆ ಮುಂಚಿನ ಎರಡು ವಾರಗಳಲ್ಲಿ ಹಂತಹಂತವಾಗಿ ಕಡಿಮೆ ಮಾಡುತ್ತ ಬಂದರು, ಉಳಿದವರು ಆ ದಿನ ಒಮ್ಮೆಲೇ ನಿಲ್ಲಿಸಿದರು. ನಾಲ್ಕು ವಾರಗಳ ನಂತರ ಒಮ್ಮೆಲೇ ನಿಲ್ಲಿಸಿದವರಲ್ಲಿ ಶೇ. 49, ಹಂತಹಂತವಾಗಿ ಬಿಟ್ಟವರಲ್ಲಿ ಶೇ. 39 ಮಂದಿ ಸಿಗರೇಟಿನಿಂದ ದೂರವಿದ್ದರು. ಅಲ್ಲಿಯ ದಿನಾಂಕಕ್ಕೆ ಔಷಧಿಯ ಬೆಂಬಲವಿತ್ತು, ಎದುರಿಗೆ ಕೂತು ಕೇಳುವ ನರ್ಸ್ ಇದ್ದರು. ಇವರ ಕ್ಯಾಲೆಂಡರಿನ ದಿನಾಂಕಕ್ಕೆ ಸಾಕ್ಷಿಗಳೇ ಇರಲಿಲ್ಲ. ಬಂತು, ಹೋಯಿತು.

ಮನೆಯ ವಿಷಯವನ್ನು ಒಂದೆರಡು ಮಾತಿನಲ್ಲಿ ಮುಗಿಸಬಹುದು. ಮಗಳು ಹಿಂದೊಮ್ಮೆ “ಅಪ್ಪ, ನನ್ನ ಮೇಲೆ ಆಣೆ ಮಾಡಿ” ಎಂದು ಹಠ ಹಿಡಿದಿದ್ದಳು. ಆಣೆ ಮಾಡಿದರು. ಆಮೇಲೆ ಸಿಗರೇಟು ಕಡಿಮೆಯಾಗಲಿಲ್ಲ, ಮರೆಗೆ ಹೋಯಿತು. ಬೇರೆ ಜಾಕೆಟ್ಟು, ಕಾರಿನಲ್ಲಿ ಸೋಪು, ಮನೆಗೆ ಬಂದ ಕೂಡಲೇ ಸ್ನಾನ. ಒತ್ತಾಯದ ಮಾತು ಮನುಷ್ಯನಲ್ಲಿ ತದ್ವಿರುದ್ಧ ಹಠ ಹುಟ್ಟಿಸುತ್ತದೆ ಎಂದು 1966ರಲ್ಲೇ ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ ವಿವರಿಸಿದ್ದರು. ಮರೆಯಲ್ಲಿ ಸೇದುವ ಸಿಗರೇಟಿಗೆ ಸ್ವಾತಂತ್ರ್ಯದ ರುಚಿಯೂ ಸೇರಿಕೊಳ್ಳುತ್ತದೆ.

ಒಂಬತ್ತು ಮತ್ತು ಮೂರು

ಎರಡನೆಯ ಭೇಟಿಯಲ್ಲಿ ಅವಲಂಬನೆಯ ಮಟ್ಟವನ್ನು ಫಾಗರ್‌ಸ್ಟ್ರಾಮ್ ಪರೀಕ್ಷೆ ಎಂಬ ಪ್ರಶ್ನಾವಳಿಯಿಂದ ಅಳೆದೆವು. ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಎಂಬುದು ಅದರಲ್ಲಿ ತುಂಬಾ ತೂಕದ ಪ್ರಶ್ನೆ. ಇವರದು ಅರ್ಧ ಗಂಟೆಯೊಳಗೆ. ಒಟ್ಟು ಹತ್ತಕ್ಕೆ ಐದು ಅಂಕ, ಅಂದರೆ ಮಧ್ಯಮ ಅವಲಂಬನೆ. “ಐದೇ?” ಎಂದು ಅವರು ಕೇಳಿದ ರೀತಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿತ್ತು. ಚಟ ಭಯಂಕರವಾದದ್ದು ಎಂದಾದರೆ ಬಿಡದಿರುವುದಕ್ಕೆ ಒಂದು ಮರ್ಯಾದೆಯ ಕಾರಣವಾದರೂ ಇರುತ್ತದೆ.

ಮುಂದಿನ ಎರಡು ಪ್ರಶ್ನೆಗಳು ಪ್ರೇರಣಾತ್ಮಕ ಸಂದರ್ಶನದವು. ವಿಲಿಯಂ ಮಿಲ್ಲರ್ ಮತ್ತು ಸ್ಟೀಫನ್ ರೋಲ್‌ನಿಕ್ ಬೆಳೆಸಿದ ಈ ವಿಧಾನದಲ್ಲಿ ಸಮಾಲೋಚಕರು ವಾದ ಹೂಡುವುದಿಲ್ಲ, ಬದಲಾವಣೆಯ ಪರವಾದ ಮಾತು ಎದುರಿಗಿರುವವರ ಬಾಯಿಂದಲೇ ಹೊರಡುವಂತೆ ನೋಡಿಕೊಳ್ಳುತ್ತಾರೆ. ಬಿಡುವುದು ನಿಮಗೆ ಎಷ್ಟು ಮುಖ್ಯ, ಸೊನ್ನೆಯಿಂದ ಹತ್ತರೊಳಗೆ? ಒಂಬತ್ತು. ಬಿಡಬಲ್ಲೆ ಎಂಬ ನಂಬಿಕೆ ಎಷ್ಟು? ಮೂರು.

ಇಲ್ಲಿ “ಯಾಕೆ ಮೂರೇ?” ಎಂದು ಕೇಳಿದರೆ ಅವರು ಅಸಾಧ್ಯ ಎಂಬುದಕ್ಕೆ ಕಾರಣಗಳ ಮೂಟೆಯನ್ನೇ ಬಿಚ್ಚುತ್ತಾರೆ. ಆದ್ದರಿಂದ ಕೇಳಬೇಕಾದದ್ದು “ಯಾಕೆ ಸೊನ್ನೆಯಲ್ಲ?” ಎಂದು. ಅವರು ತುಸು ಯೋಚಿಸಿ ಹೇಳಿದರು: “ತರಬೇತಿಗೆ ಹೋದಾಗ ಒಂಬತ್ತು ಗಂಟೆ ಒಳಗೇ ಇರಬೇಕಾಗುತ್ತದೆ. ನೆನಪೇ ಬರುವುದಿಲ್ಲ. ಮುಗಿಯಿತು ಎಂದು ಪ್ರಕಟಿಸಿದ ಕೂಡಲೇ ಕೈ ನಡುಗುತ್ತದೆ.”

ಇದು ಅವರೊಬ್ಬರ ವಿಚಿತ್ರವಲ್ಲ. ಸಿಗರೇಟು ಸೇದುವ ವಿಮಾನ ಪರಿಚಾರಕರ ಮೇಲೆ ರೂವೆನ್ ದಾರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸಿಗರೇಟಿಲ್ಲದೆ ಎಷ್ಟು ಹೊತ್ತು ಕಳೆದಿದೆ ಎಂಬುದೊಂದೇ ತುಡಿತವನ್ನು ನಿರ್ಧರಿಸುವುದಾದರೆ ದೀರ್ಘ ಹಾರಾಟದಲ್ಲಿ ಅದು ಏರುತ್ತಲೇ ಹೋಗಬೇಕಿತ್ತು. ಆದರೆ ಸಣ್ಣ ಹಾರಾಟವಿರಲಿ, ದೀರ್ಘ ಹಾರಾಟವಿರಲಿ, ತುಡಿತ ತೀವ್ರವಾಗುತ್ತಿದ್ದದ್ದು ಇಳಿಯುವ ಹೊತ್ತು ಹತ್ತಿರವಾದಾಗ. ಸಣ್ಣ ಹಾರಾಟ ಮುಗಿಯುವ ವೇಳೆಯ ತುಡಿತವು, ಅಷ್ಟೇ ಗಂಟೆ ಕಳೆದಿದ್ದರೂ ಇನ್ನೂ ಆಕಾಶದಲ್ಲೇ ಇದ್ದವರ ತುಡಿತಕ್ಕಿಂತ ಜೋರಾಗಿತ್ತು. ಸಿಗುತ್ತದೆ ಎಂಬ ನಿರೀಕ್ಷೆಯೇ ಹಸಿವನ್ನು ಹುಟ್ಟಿಸುತ್ತದೆ.

ನಿಕೋಟಿನ್ನಿನ ಕೆಲಸವನ್ನು ಇದು ಅಲ್ಲಗಳೆಯುವುದಿಲ್ಲ. ಒಂದು ದಮ್ಮು ಎಳೆದರೆ ಹತ್ತಿಪ್ಪತ್ತು ಸೆಕೆಂಡಿನೊಳಗೆ ಅದು ಮಿದುಳು ಮುಟ್ಟುತ್ತದೆ. ರಕ್ತದಲ್ಲಿ ಅದರ ಅರ್ಧಾಯು, ಅಂದರೆ ಪ್ರಮಾಣ ಅರ್ಧಕ್ಕಿಳಿಯಲು ಬೇಕಾಗುವ ಸಮಯ, ಸುಮಾರು ಎರಡು ಗಂಟೆ. ಬಿಟ್ಟ ಮೊದಲ ಕೆಲವು ದಿನಗಳ ಸಿಡುಕು, ನಿದ್ದೆಗೇಡು, ಏಕಾಗ್ರತೆಯ ಕೊರತೆ ಎಲ್ಲವೂ ದೇಹದ್ದೇ. ಆದರೆ ಈ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ನನಗೆ ಹೆಚ್ಚು ನೆರವಾದದ್ದು ವಿಮಾನದ ಕಥೆ. ಸೇದಲೇ, ಬೇಡವೇ ಎಂಬ ಪ್ರಶ್ನೆ ತೆರೆದಿರುವಷ್ಟು ಕಾಲ ತುಡಿತಕ್ಕೆ ಮೇವು ಸಿಗುತ್ತಲೇ ಇರುತ್ತದೆ. “ಬರುವ ತಿಂಗಳಿಂದ ಇಲ್ಲ” ಎಂದರೆ ಈ ತಿಂಗಳಿಡೀ ಬಾಗಿಲು ತೆರೆದಿದೆ ಎಂದೇ ಅರ್ಥ.

ಸಿಗರೇಟು ತಮ್ಮನ್ನು ಶಾಂತಗೊಳಿಸುತ್ತದೆ ಎಂಬುದು ಅವರ ಇನ್ನೊಂದು ಗಟ್ಟಿ ನಂಬಿಕೆ. ನಾನು ಅದನ್ನು ಅಲ್ಲಗಳೆಯಲಿಲ್ಲ. ಒಂದು ವಾರ ಪ್ರತಿ ಸಿಗರೇಟಿಗೆ ಮುಂಚೆ ಮತ್ತು ನಂತರ ಮನಸ್ಸಿನ ಒತ್ತಡಕ್ಕೆ ಅಂಕ ಕೊಟ್ಟು ಬರೆದಿಡಿ, ಕೊನೆಯ ಸಿಗರೇಟು ಆಗಿ ಎಷ್ಟು ಹೊತ್ತಾಯಿತು ಎಂಬುದನ್ನೂ ಬರೆಯಿರಿ ಎಂದೆ. ಅಂಕಿ ದಾಖಲಿಸುವುದು ಅವರ ವೃತ್ತಿಯೇ ತಾನೆ. ಮುಂದಿನ ಭೇಟಿಗೆ ಗೆರೆ ಎಳೆದ ಹಾಳೆಗಳನ್ನು ತಂದರು. ಸೇದಿದ ಮೇಲೆ ಒತ್ತಡ ಇಳಿದಿತ್ತು, ನಿಜ. ಆದರೆ ಸೇದುವ ಮುಂಚಿನ ಅಂಕ ಏರುತ್ತಿದ್ದದ್ದು ಕೆಲಸದ ಗಡಿಬಿಡಿಗೆ ಹೊಂದಿಕೊಂಡು ಅಲ್ಲ, ಹಿಂದಿನ ಸಿಗರೇಟಿನಿಂದ ಕಳೆದ ಸಮಯಕ್ಕೆ ಹೊಂದಿಕೊಂಡು. ಹಾಳೆಯ ಅಂಚಿನಲ್ಲಿ ಅವರೇ ಪೆನ್ಸಿಲಿನಿಂದ ಬರೆದುಕೊಂಡಿದ್ದರು: “ಮೊದಲನೆಯದು ಇಲ್ಲದಿದ್ದರೆ ಎರಡನೆಯದರ ಅಗತ್ಯ ಬೀಳುತ್ತಿತ್ತೇ?”

ಈ ಪ್ರಶ್ನೆಗೆ ಸಂಶೋಧನೆಯ ಕಡೆಯಿಂದ ಒಂದು ಉತ್ತರವಿದೆ. 26 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಸಿಗರೇಟು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡಗಳು ಬಿಡದವರಿಗೆ ಹೋಲಿಸಿದರೆ ಕಡಿಮೆಯಾಗಿದ್ದವು. ಈ ಮಾತನ್ನು ನಾನು ಅವರಿಗೆ ಮೊದಲ ದಿನವೇ ಹೇಳಬಹುದಿತ್ತು. ಹೇಳಿದ್ದರೆ ಅವರು ತಲೆಯಾಡಿಸಿ, ಹೊರಗೆ ಹೋಗಿ, ಒಂದು ಹಚ್ಚುತ್ತಿದ್ದರು.

ಬಿಟ್ಟ ದಿನ

ಬಿಟ್ಟದ್ದು ಯಾವ ವಿಶೇಷವೂ ಇಲ್ಲದ ಒಂದು ಬುಧವಾರ. ಕ್ಯಾಲೆಂಡರಿನಲ್ಲಿ ಆ ದಿನದ ಮುಂದೆ ಏನೂ ಬರೆದಿರಲಿಲ್ಲ. ಮಧ್ಯಾಹ್ನ ಹಿಂಬದಿಯ ಮೆಟ್ಟಿಲಿಗೆ ಹೋಗಿ ಸಿಗರೇಟು ತುಟಿಗಿಟ್ಟರು. ಲೈಟರ್ ಒಮ್ಮೆಗೆ ಹತ್ತಲಿಲ್ಲ. ಇನ್ನೊಮ್ಮೆ ಒತ್ತುವ ಬದಲು ಸಿಗರೇಟನ್ನು ತೆಗೆದು, ತುದಿ ಮುರಿಯದಂತೆ ಪ್ಯಾಕೆಟ್ಟಿಗೆ ವಾಪಸ್ಸು ತೂರಿಸಿ, ಮೇಲೆ ಬಂದು ಮುಂದಿನ ರೋಗಿಯನ್ನು ಕರೆದರು. ಪ್ಯಾಕೆಟ್ಟು ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಅದನ್ನು ಎಸೆದದ್ದು ಎರಡು ದಿನ ಬಿಟ್ಟು.

ಯಾಕೆ ಆ ದಿನವೇ? ಈ ಪ್ರಶ್ನೆಗೆ ಅವರು ಬೇರೆಬೇರೆ ಭೇಟಿಗಳಲ್ಲಿ ಮೂರು ಉತ್ತರ ಕೊಟ್ಟಿದ್ದಾರೆ. ಮೊದಲನೆಯದು: ಅಂದು ಬೆಳಿಗ್ಗೆ ಯಂತ್ರಕ್ಕೆ ಊದುವ ಕಿರಿಯ ಸಹೋದ್ಯೋಗಿ ರಜೆಯಲ್ಲಿದ್ದರು. ಹೊಸದಾಗಿ ಸೇರಿದ ಹುಡುಗಿ ಏನೂ ಅರಿಯದೆ “ಸರ್, ಇವತ್ತು ನೀವೇ ಊದುತ್ತೀರಾ?” ಎಂದು ಕೇಳಿದಳು. “ನನ್ನದು ಲೆಕ್ಕಕ್ಕೆ ಬರುವುದಿಲ್ಲಮ್ಮ,” ಎಂದು ಬಾಯಿಗೆ ಬಂದ ಉತ್ತರ ದಿನವಿಡೀ ಕಿವಿಯಲ್ಲಿ ಕೊರೆಯಿತು. ಎರಡನೆಯದು: ಲೈಟರ್ ಕೈಕೊಟ್ಟಿತು, ಅಷ್ಟೇ. ಮೂರನೆಯದು: “ಎಷ್ಟು ಉಳಿದಿವೆ, ಎಲ್ಲಿ ಸೇದಲಿ, ವಾಸನೆ ಹೋಗಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿ ಹಾಕಿ ಸುಸ್ತಾಗಿತ್ತು.” ಬಿಡಲು ಕಾರಣ ಎಂಬ ಅಂಕಣದಲ್ಲಿ ನಾನು ಮೂರನ್ನೂ ಬರೆದಿದ್ದೇನೆ.

ಮೂರರಲ್ಲಿ ನಿಜವಾದದ್ದು ಯಾವುದು ಎಂದು ಹುಡುಕುವುದು ವ್ಯರ್ಥ ಎಂಬುದು ನನ್ನ ಅಭಿಪ್ರಾಯ. ನಮ್ಮ ನಡವಳಿಕೆಗೆ ನಾವು ಕೊಡುವ ಕಾರಣಗಳು ಒಳಗಣ್ಣಿನಿಂದ ನೋಡಿ ಹೇಳಿದವುಗಳಲ್ಲ, ಎಷ್ಟೋ ಸಲ ಆಮೇಲೆ ಒಪ್ಪವಾಗಿ ಜೋಡಿಸಿಕೊಂಡವು ಎಂದು ನಿಸ್ಬೆಟ್ ಮತ್ತು ವಿಲ್ಸನ್ 1977ರಲ್ಲೇ ತೋರಿಸಿದ್ದಾರೆ. ಇನ್ನೂ ಹತ್ತಿರದ ವಿವರಣೆ ರಾಬರ್ಟ್ ವೆಸ್ಟ್ ಮತ್ತು ತಾಜ್ ಸೋಹಲ್ ಅವರದು. 2006ರಲ್ಲಿ ಇಂಗ್ಲೆಂಡಿನ ಧೂಮಪಾನಿಗಳನ್ನೂ ಬಿಟ್ಟವರನ್ನೂ ಕೇಳಿ ನೋಡಿದಾಗ, ಬಿಡುವ ಪ್ರಯತ್ನಗಳಲ್ಲಿ ಸುಮಾರು ಅರ್ಧದಷ್ಟು ಯಾವ ಪೂರ್ವಯೋಜನೆಯೂ ಇಲ್ಲದೆ ಆದವು ಎಂದು ಕಂಡುಬಂತು. ಅಂಥ ಪ್ರಯತ್ನಗಳೇ ಕನಿಷ್ಠ ಆರು ತಿಂಗಳು ಬಾಳುವ ಸಾಧ್ಯತೆ ಹೆಚ್ಚಾಗಿತ್ತು. ಒಳಗೆ ಬಿಗಿತ ಕೂಡುತ್ತಲೇ ಬಂದು, ಒಂದು ಹಂತದಲ್ಲಿ ಸಣ್ಣ ನೆಪವೂ ಇಡೀ ವ್ಯವಸ್ಥೆಯನ್ನು ಮಗುಚಿಹಾಕುತ್ತದೆ ಎಂಬ ಗಣಿತದ ಸಿದ್ಧಾಂತವೊಂದನ್ನು ಅವರು ಇದಕ್ಕೆ ಅನ್ವಯಿಸಿದರು. ಮನಶ್ಶಾಸ್ತ್ರಜ್ಞರಾದ ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ 1980ರ ದಶಕದಿಂದ ಬೆಳೆಸುತ್ತ ಬಂದ, ಆಲೋಚನೆಯಿಂದ ಸಿದ್ಧತೆಗೆ, ಸಿದ್ಧತೆಯಿಂದ ಕ್ರಿಯೆಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಚಿತ್ರಕ್ಕೆ ಇದು ಹೊಂದುವುದಿಲ್ಲ. ಒಂದು ಎಚ್ಚರಿಕೆಯ ಮಾತು: ಇವೆಲ್ಲ ಜನ ನೆನಪಿನಿಂದ ಹೇಳಿದ್ದು, ಮತ್ತು ತಾನಾಗಿ ಧುಮುಕಿದವರು ಮೊದಲೇ ಹೆಚ್ಚು ಹದಗೊಂಡವರಾಗಿರಬಹುದು. ಯೋಜನೆ ಮಾಡಬೇಡಿ ಎಂಬ ಉಪದೇಶ ಇದರಿಂದ ಹೊರಡುವುದಿಲ್ಲ.

ಆ ಬುಧವಾರದ ವಿಶೇಷ ಬೇರೆ ಕಡೆ ಇದೆ. ಹಿಂದಿನ ಎಲ್ಲ ದಿನಾಂಕಗಳಲ್ಲಿ ಅವರು ಮುಂದೆ ಬಿಡಲು ನಿರ್ಧರಿಸಿದ್ದರು. ಈ ಸಲ ಮೊದಲು ಬಿಟ್ಟರು, ನಿರ್ಧಾರ ಸಂಜೆಯ ಹೊತ್ತಿಗೆ ಬಂತು. ಆ ನಡುವಿನ ಗಂಟೆಗಳಲ್ಲಿ ಸೇದುವ ಪರವಾನಗಿ ಕೊಡುವ “ಆಮೇಲೆ” ಎಂಬುದು ಇರಲಿಲ್ಲ.

ನಂತರದ ವಾರಗಳು

ಮೂರನೆಯ ದಿನ ಅವರು ಫೋನ್ ಮಾಡಿದಾಗ ಮಾತು ಕರ್ಕಶವಾಗಿತ್ತು. ಸಹೋದ್ಯೋಗಿಯ ಮೇಲೆ ಕೂಗಾಡಿದ್ದರು. ಸಾಮಾನ್ಯವಾಗಿ ಇದೇ ಹೊತ್ತಿಗೆ, ಚಟ ಬಿಟ್ಟಾಗ ಕಾಣಿಸುವ ಹಿಂತೆಗೆತದ ಲಕ್ಷಣಗಳು ಉಚ್ಛ್ರಾಯದಲ್ಲಿರುತ್ತವೆ. ಅಂದೇ ವೈದ್ಯರನ್ನು ಕಾಣಲು ಹೇಳಿದೆ. ಅವರು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಮತ್ತು ಅಗಿಯುವ ಗಮ್ ಎರಡನ್ನೂ ಬರೆದುಕೊಟ್ಟರು. ಪ್ಯಾಚ್ ದಿನವಿಡೀ ನಿಧಾನವಾಗಿ ನಿಕೋಟಿನ್ ಬಿಡುತ್ತದೆ, ಹಠಾತ್ತನೆ ಬರುವ ತುಡಿತಕ್ಕೆ ಗಮ್. ಒಂದನ್ನೇ ಬಳಸುವುದಕ್ಕಿಂತ ಎರಡನ್ನು ಸೇರಿಸಿ ಬಳಸುವುದು ಹೆಚ್ಚು ಫಲಕಾರಿ ಎಂಬುದಕ್ಕೆ ಬಲವಾದ ಆಧಾರವಿದೆ. ಇಚ್ಛಾಶಕ್ತಿಯಿಂದಲೇ ಬಿಡಬೇಕು, ಔಷಧಿ ಎಂದರೆ ಸೋಲು ಎಂಬ ಬಿಂಕ ಇವರಲ್ಲೂ ಇತ್ತು. ನೆರವಿಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳಿಂದ ಒಂದು ವರ್ಷದವರೆಗೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ ಎಂಬ ಅಂಕಿ ಕೇಳಿದ ಮೇಲೆ ಸುಮ್ಮನಾದರು. ಅಂಕಿಗೆ ತಲೆಬಾಗುವ ಮನುಷ್ಯ.

ಎರಡನೆಯ ವಾರ ಎದೆ ಡವಡವ ಎನ್ನುತ್ತದೆ, ರಾತ್ರಿ ಕಣ್ಣು ಮುಚ್ಚುವುದಿಲ್ಲ ಎಂದು ದೂರಿದರು. ಕಾಫಿ ಎಷ್ಟು ಎಂದು ಕೇಳಿದೆ. ಮೊದಲಿನಷ್ಟೇ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಕೆಫೀನನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸುತ್ತವೆ. ಹೊಗೆ ನಿಂತ ಕೂಡಲೇ ಆ ಕಿಣ್ವ ನಿಧಾನವಾಗುತ್ತದೆ, ಅಷ್ಟೇ ಕಾಫಿಗೆ ರಕ್ತದಲ್ಲಿ ಹೆಚ್ಚು ಕೆಫೀನ್ ಉಳಿಯುತ್ತದೆ. ಸಿಗರೇಟಿಲ್ಲದೆ ತಾನು ಕುಸಿಯುತ್ತಿದ್ದೇನೆ ಎಂದು ಅವರು ಅರ್ಥೈಸಿಕೊಂಡಿದ್ದರಲ್ಲಿ ಒಂದು ಪಾಲು ಬರೀ ಕಾಫಿಯದ್ದು. ಅರ್ಧಕ್ಕೆ ಇಳಿಸಿದ ಮೇಲೆ ನಿದ್ದೆ ಬಂತು.

ಐದನೆಯ ತಿಂಗಳಲ್ಲಿ ಹಳೆಯ ಗೆಳೆಯರ ಜೊತೆ ಒಂದು ಸಿಗರೇಟು ಸೇದಿದರು. ಮರುದಿನ ಬಂದಾಗ ಮುಖ ಸಪ್ಪಗಿತ್ತು. “ಎಲ್ಲ ನೀರಿನಲ್ಲಿ ಹೋಮವಾಯಿತು. ಇನ್ನು ಸೇದಿದರೇನು, ಬಿಟ್ಟರೇನು?” ಎಂದರು. ಒಂದು ಜಾರುವಿಕೆಯನ್ನು ಸಂಪೂರ್ಣ ಸೋಲೆಂದು ಓದಿ, ಆ ಓದಿನಿಂದಲೇ ನಿಜವಾದ ಸೋಲನ್ನು ತಂದುಕೊಳ್ಳುವ ಈ ಮನಸ್ಥಿತಿಯನ್ನು ಮಾರ್ಲಟ್ ಮತ್ತು ಗಾರ್ಡನ್ 1985ರಲ್ಲಿ ವಿವರವಾಗಿ ಬರೆದಿದ್ದಾರೆ. ಒಂದು ಸಿಗರೇಟು ನಗಣ್ಯ ಎಂದು ನಾನು ಸಮಾಧಾನ ಹೇಳಲಿಲ್ಲ; ಒಂದರ ಹಿಂದೆ ಇನ್ನೊಂದು ಬರುವ ಅಪಾಯ ನಿಜವಾದದ್ದೇ. ಕೇಳಿದ್ದು ಇಷ್ಟು: ಆ ಸಿಗರೇಟಿನ ನಂತರ ಎರಡನೆಯದನ್ನು ಯಾಕೆ ಸೇದಲಿಲ್ಲ? “ರುಚಿಸಲಿಲ್ಲ. ಮತ್ತೆ, ಮನೆಗೆ ಹೋಗುವ ದಾರಿಯಲ್ಲಿ ಮತ್ತೆ ಲೆಕ್ಕ ಶುರುವಾಯಿತು. ವಾಸನೆ, ಸೋಪು, ಜಾಕೆಟ್ಟು. ಆ ಲೆಕ್ಕ ನನಗೆ ಬೇಡ.” ಗೆಳೆಯರು ಮತ್ತೆ ಚಾಚಿದರೆ ಏನು ಹೇಳಬೇಕು, ಕೈಯಲ್ಲಿ ಏನಿರಬೇಕು ಎಂಬುದನ್ನು ವಾಕ್ಯಸಹಿತ ಬರೆಸಿ ಕಳಿಸಿದೆ.

ಮಗಳಿಗೆ ಅವರು ಏನೂ ಹೇಳಿರಲಿಲ್ಲ. ಈ ಸಲ ಆಣೆ ಬೇಡ ಎಂಬುದು ಅವರದೇ ತೀರ್ಮಾನ. ಕಾರಿನಲ್ಲಿ ಸೋಪು ಇಲ್ಲದ್ದನ್ನು ನೋಡಿ ಅವಳೇ ಪತ್ತೆ ಮಾಡಿದಳಂತೆ. ಮರೆಮಾಚುವಿಕೆ ಮನೆಯಲ್ಲಿ ಎಲ್ಲರಿಗೂ ಮೊದಲಿನಿಂದಲೂ ಗೊತ್ತಿತ್ತು ಎಂಬುದು ಅವರಿಗೆ ತಿಳಿದದ್ದು ಆಗಲೇ.

ಒಂದು ವರ್ಷದ ನಂತರ

ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಮಾಣ ಸೇದದವರ ಮಟ್ಟದಲ್ಲಿದೆ. ತೂಕ ಐದು ಕಿಲೋ ಏರಿದೆ. ಬಿಟ್ಟವರಲ್ಲಿ ಇದು ಸರಾಸರಿಯ ಆಸುಪಾಸು. ಕೊನೆಗೂ ತಮ್ಮ ಯಂತ್ರಕ್ಕೆ ತಾವೇ ಊದಿ ನೋಡಿದ್ದಾರೆ. ಅಂಕಿ ವಯಸ್ಸಿಗೆ ನಿರೀಕ್ಷಿತವಾದದ್ದಕ್ಕಿಂತ ತುಸು ಕೆಳಗಿದೆ. ಕಳೆದದ್ದು ಮರಳುವುದಿಲ್ಲ, ಆದರೆ ಬಿಟ್ಟ ಮೇಲೆ ಶ್ವಾಸಕೋಶದ ಸಾಮರ್ಥ್ಯ ಇಳಿಯುವ ವೇಗ ಸೇದದವರ ವೇಗಕ್ಕೆ ಬರುತ್ತದೆ ಎಂದು 1977ರಲ್ಲಿ ಫ್ಲೆಚರ್ ಮತ್ತು ಪೀಟೊ ಎಳೆದ ಪ್ರಸಿದ್ಧ ರೇಖೆಯನ್ನು ಅವರು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಅದೇ ವಿವರಣೆಯನ್ನು ಎಷ್ಟೋ ವರ್ಷ ರೋಗಿಗಳಿಗೆ ಹೇಳುತ್ತ ಬಂದವರು.

ಗಮ್ ಇನ್ನೂ ಬಿಟ್ಟಿಲ್ಲ. ವೈದ್ಯರಿಗೆ ಆ ಬಗ್ಗೆ ಆತುರವಿಲ್ಲ. ಈ ಯಶಸ್ಸಿನ ಬಹುಪಾಲು ಪ್ಯಾಚ್ ಮತ್ತು ಗಮ್‌ಗೆ ಸಲ್ಲಬೇಕು, ಮೂರನೆಯ ದಿನ ಅವು ಸಿಗದಿದ್ದರೆ ನಾಲ್ಕನೆಯ ದಿನ ಡ್ರಾಯರ್ ತೆರೆಯುತ್ತಿತ್ತು ಎಂಬುದು ವೈದ್ಯರ ವಾದ. ಹಿಂದೆಯೂ ಗಮ್ ಕೊಂಡು ಅಗಿದವರೇ, ಆಗ ದಿನಾಂಕದ ಆಟ ನಡೆಯುತ್ತಿತ್ತು, ಈಗ ನಿಂತಿದೆ ಎಂಬುದು ನನ್ನ ವಾದ. ಒಬ್ಬರ ಪ್ರಕರಣ ಇಟ್ಟುಕೊಂಡು ಇದನ್ನು ಇತ್ಯರ್ಥ ಮಾಡಲಾಗದು. ಪ್ಯಾಚ್ ಹಾಕದ ಇನ್ನೊಬ್ಬ ಅವರು ನಮ್ಮ ಬಳಿ ಇಲ್ಲ. ಅವರನ್ನೇ ಕೇಳಿದಾಗ ಲೈಟರ್ ಕಂಪನಿಗೆ ಪತ್ರ ಬರೆಯಬೇಕು ಎಂದು ನಕ್ಕರು.